ಕಟ್ಟಿನ ಬೆಲೆ

‘ಕಟ್ಟು’ ಎಂಬುದು ಎರಡೇ ಅಕ್ಷರಗಳ ಪುಟ್ಟ ಮಾತು. ಆದರೆ ಕನ್ನಡದಲ್ಲಿ ಅದು ಮಾಡುವ ದುಡಿಮೆ ದೊಡ್ಡದು. ಹೂವಾಡಗಿತ್ತಿ ಮಾಲೆ ಕಟ್ಟುತ್ತಾಳೆ. ಮೇಸ್ತ್ರಿ ಗೋಡೆ ಕಟ್ಟುತ್ತಾನೆ. ತಾಯಿ ಬುತ್ತಿ ಕಟ್ಟುತ್ತಾಳೆ. ರೈತ ಕಂದಾಯ ಕಟ್ಟುತ್ತಾನೆ. ಲಾವಣಿಕಾರ ಪದ ಕಟ್ಟುತ್ತಾನೆ. ಯಕ್ಷಗಾನದ ಕಲಾವಿದ ವೇಷ ಕಟ್ಟುತ್ತಾನೆ. ಆಕಾಶದಲ್ಲಿ ಮೋಡ ಕಟ್ಟುತ್ತದೆ, ಮರದಲ್ಲಿ ಜೇನು ಕಟ್ಟುತ್ತದೆ, ನೆಗಡಿಯಾದವನ ಮೂಗು ಕಟ್ಟುತ್ತದೆ, ದುಃಖಪಡುವವನ ಗಂಟಲು ಕಟ್ಟುತ್ತದೆ. ಸೌದೆಯ ಕಟ್ಟು ಬೇರೆ, ಕನ್ನಡಕದ ಕಟ್ಟು ಬೇರೆ. ಹೋಳಿಗೆಯ ದಿನ ಬೇಳೆ ಬೇಯಿಸಿ ಬಸಿದ ಕಟ್ಟು ಇವೆರಡಕ್ಕಿಂತಲೂ ಬೇರೆ. ಊರಿನವರು ಒಂದಾದರೆ ಒಗ್ಗಟ್ಟು. ಅವರು ತಮಗೆ ತಾವೇ ವಿಧಿಸಿಕೊಂಡ ನಿಯಮ ಕಟ್ಟುಪಾಡು. ಇಲ್ಲದ್ದನ್ನು ಇದೆಯೆಂದು ಹೇಳಿದರೆ ಕಟ್ಟುಕತೆ. ಇದ್ದುದನ್ನು ಇಲ್ಲವೆಂದು ತೋರಿಸಿದರೆ ಕಣ್ಕಟ್ಟು.

ಸಂಸ್ಕೃತದಿಂದ ಬಂದು ಕನ್ನಡದಲ್ಲಿ ನೆಲೆಸಿರುವ ‘ಬಂಧ’ ಎಂಬ ಮಾತಿನ ಸಂಸಾರವೂ ಚಿಕ್ಕದಲ್ಲ. ಅದೇ ಮೂಲದಿಂದ ಬಂಧು ಹುಟ್ಟಿದ್ದಾನೆ, ಬಂಧನವೂ ಹುಟ್ಟಿದೆ. ಒಬ್ಬನು ಮನೆಯ ಬಾಗಿಲಲ್ಲಿ ಆದರದಿಂದ ಬರಮಾಡಿಕೊಳ್ಳಬೇಕಾದವನು. ಇನ್ನೊಂದು ಸೆರೆಮನೆಯ ಬಾಗಿಲು. ಸಂಬಂಧ, ಪ್ರಬಂಧ, ನಿರ್ಬಂಧ ಇವೆಲ್ಲ ಅದೇ ಮನೆಯ ಮಕ್ಕಳು. ಒಂದೇ ಮೂಲದ ಮಾತುಗಳು ಹೀಗೆ ಪ್ರೀತಿಗೂ ಭಯಕ್ಕೂ, ಕಲೆಗೂ ಕಾನೂನಿಗೂ ಸಲ್ಲುತ್ತಿರುವುದು ಸೋಜಿಗವೇ ಸರಿ.

ಈ ಸೋಜಿಗವನ್ನು ಕೆಲವರು ದೋಷವೆಂದು ಎಣಿಸುತ್ತಾರೆ. ಒಂದು ಮಾತಿಗೆ ಹತ್ತು ಅರ್ಥವಿರುವ ಭಾಷೆ ಕಥೆ ಹೇಳುವುದಕ್ಕೆ, ಹಾಡು ಕಟ್ಟುವುದಕ್ಕೆ ಒಪ್ಪುತ್ತದೆಯೇ ಹೊರತು ವಿಜ್ಞಾನಕ್ಕೆ ಒಪ್ಪುವುದಿಲ್ಲವೆಂದು ಅವರು ವಾದಿಸುತ್ತಾರೆ. ವಿಜ್ಞಾನಕ್ಕೆ ಬೇಕಾದುದು ನಿಖರತೆ. ಮಾತಿಗೂ ಅರ್ಥಕ್ಕೂ ನಡುವೆ ಇರಬೇಕಾದುದು ಬಿಗಿಯಾದ ಗಂಟು. ಆ ಗಂಟು ಸಡಿಲವಾದಲ್ಲಿ ತಿಳಿವಳಿಕೆಯೂ ಸಡಿಲವಾಗುತ್ತದೆ ಎಂಬುದು ಅವರ ನಂಬಿಕೆ. ಕನ್ನಡ ಮಾಧ್ಯಮದಲ್ಲಿ ಓದುವ ಬಾಲಕ ಬಾಲಕಿಯರ ಕಿವಿಗೆ ಈ ಮಾತು ಮತ್ತೆ ಮತ್ತೆ ಬೀಳುತ್ತದೆ. ತಮ್ಮ ಮನೆಯ ನುಡಿ ವಿಜ್ಞಾನಕ್ಕೆ ಒದಗದೆಂಬ ಕೀಳರಿಮೆ ಅವರಲ್ಲಿ ಬೇರೂರಿದರೆ ಅದರಿಂದ ಆಗುವ ನಷ್ಟ ಸಣ್ಣದಲ್ಲ. ಆದುದರಿಂದ ಈ ವಾದವನ್ನು ಪರೀಕ್ಷಿಸದೆ ಒಪ್ಪುವುದು ವಿವೇಕವಲ್ಲ.

ಮೊದಲನೆಯದಾಗಿ, ಇದು ಕನ್ನಡಕ್ಕೆ ಮಾತ್ರ ಅಂಟಿದ ಗುಣವಲ್ಲ. ರಸಾಯನವಿಜ್ಞಾನದಲ್ಲಿ ಕನ್ನಡದವರು ‘ಬಂಧ’ ಎನ್ನುವುದನ್ನು ಇಂಗ್ಲಿಷಿನವರು ‘ಬಾಂಡ್’ ಎನ್ನುತ್ತಾರೆ. ಆ ಬಾಂಡ್ ಎಂಬ ಮಾತಿಗೆ ಅವರಲ್ಲಿ ಬೇಡಿ ಎಂಬ ಅರ್ಥವುಂಟು, ಸಾಲಪತ್ರವೆಂಬ ಅರ್ಥವುಂಟು, ಮುಚ್ಚಳಿಕೆ ಎಂಬ ಅರ್ಥವುಂಟು. ಸ್ನೇಹದ ನಂಟಿಗೂ ಇಟ್ಟಿಗೆಗಳನ್ನು ಜೋಡಿಸುವ ಕ್ರಮಕ್ಕೂ ಅದೇ ಹೆಸರು. ಇಷ್ಟು ಅರ್ಥಗಳ ಭಾರ ಹೊತ್ತ ಮಾತಿನಿಂದಲೇ ಅವರ ರಸಾಯನವಿಜ್ಞಾನ ನಡೆದುಬಂದಿದೆ. ಆ ಮಾತನ್ನು ಕೇಳಿದ ವಿಜ್ಞಾನದ ವಿದ್ಯಾರ್ಥಿ ಸಾಲಪತ್ರವನ್ನು ನೆನೆದು ದಿಗಿಲುಗೊಂಡುದಿಲ್ಲ. ಏಕೆಂದರೆ ಮಾತಿನ ಅರ್ಥವನ್ನು ನಿರ್ಣಯಿಸುವುದು ಮಾತೊಂದೇ ಅಲ್ಲ, ಅದರ ನೆರೆಹೊರೆ. ‘ಮಾಲೆ’ಯ ಪಕ್ಕದಲ್ಲಿ ನಿಂತ ಕಟ್ಟು ಪೋಣಿಸುತ್ತದೆ, ‘ಗೋಡೆ’ಯ ಪಕ್ಕದಲ್ಲಿ ನಿಂತ ಕಟ್ಟು ಎಬ್ಬಿಸುತ್ತದೆ, ‘ಕಂದಾಯ’ದ ಪಕ್ಕದಲ್ಲಿ ನಿಂತ ಕಟ್ಟು ಸಲ್ಲಿಸುತ್ತದೆ. ಮಾತು ತನ್ನ ನೆರೆಯ ಮಾತನ್ನು ಹಗುರವಾಗಿ ಹಿಡಿದು, ಕೆಲಸ ಮುಗಿದೊಡನೆ ಬಿಟ್ಟು, ಇನ್ನೊಂದು ವಾಕ್ಯದಲ್ಲಿ ಇನ್ನೊಂದು ಮಾತಿನ ಕೈಹಿಡಿಯುತ್ತದೆ. ಹೀಗೆ ಹಿಡಿಯುವ ಮತ್ತು ಬಿಡುವ ಶಕ್ತಿ ಇರುವುದರಿಂದಲೇ ಕೆಲವು ಸಾವಿರ ಮಾತುಗಳಿಂದ ಲೆಕ್ಕವಿಲ್ಲದಷ್ಟು ವಿಚಾರಗಳನ್ನು ಹೇಳುವುದು ಸಾಧ್ಯವಾಗಿದೆ. ಅರ್ಥವೊಂದಕ್ಕೆ ಒಂದೊಂದು ಮಾತೇ ಬೇಕಾಗಿದ್ದರೆ ಮನುಷ್ಯನ ನೆನಪು ಆ ಹೊರೆಯನ್ನು ಹೊರಲಾರದೆ ಹೋಗುತ್ತಿತ್ತು.

ಎರಡನೆಯದಾಗಿ, ಬಿಗಿಯಾದ ಗಂಟೇ ಒಳ್ಳೆಯ ಗಂಟು ಎಂಬ ನಂಬಿಕೆ ತಾನೇ ಎಷ್ಟರಮಟ್ಟಿಗೆ ನಿಜ? ಇದಕ್ಕೆ ಉತ್ತರವನ್ನು ಬೇರೆಲ್ಲಿಯೋ ಹುಡುಕಬೇಕಾಗಿಲ್ಲ. ಯಾವ ವಿಜ್ಞಾನದ ಹೆಸರಿನಲ್ಲಿ ಈ ವಾದವನ್ನು ಹೂಡಲಾಗುತ್ತದೆಯೋ ಆ ವಿಜ್ಞಾನವೇ, ಅದರಲ್ಲಿಯೂ ಬಂಧಗಳ ವಿಚಾರವನ್ನೇ ಹೇಳುವ ರಸಾಯನವಿಜ್ಞಾನವೇ, ಇದಕ್ಕೆ ಉತ್ತರ ಕೊಡುತ್ತದೆ.

ಪರಮಾಣುಗಳು ಒಂದಕ್ಕೊಂದು ಕಟ್ಟಿಕೊಂಡು ಅಣುಗಳಾಗುತ್ತವೆ. ನೀರಿನ ಒಂದು ಅಣುವಿನಲ್ಲಿ ಆಕ್ಸಿಜನ್ನಿನ ಒಂದು ಪರಮಾಣು, ಹೈಡ್ರೋಜನ್ನಿನ ಎರಡು ಪರಮಾಣುಗಳೊಡನೆ ಎಲೆಕ್ಟ್ರಾನುಗಳನ್ನು ಹಂಚಿಕೊಂಡಿರುತ್ತದೆ. ಹೀಗೆ ಹಂಚಿಕೊಳ್ಳುವುದರಿಂದ ಉಂಟಾಗುವ ಕಟ್ಟಿಗೆ ಸಹವೇಲೆನ್ಸಿ ಬಂಧವೆಂದು ಹೆಸರು. ಅದು ಬಹಳ ಬಿಗಿಯಾದುದು. ಆದರೆ ಕಟ್ಟಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವಾಗ ಆಕ್ಸಿಜನ್ ತನ್ನ ಕಡೆಗೆ ತುಸು ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಆದುದರಿಂದ ಆಕ್ಸಿಜನ್ನಿನ ತುದಿಯಲ್ಲಿ ಸ್ವಲ್ಪ ಋಣವಿದ್ಯುತ್ತೂ ಹೈಡ್ರೋಜನ್ನಿನ ತುದಿಯಲ್ಲಿ ಸ್ವಲ್ಪ ಧನವಿದ್ಯುತ್ತೂ ನಿಲ್ಲುತ್ತವೆ. ಆಗ ಒಂದು ಅಣುವಿನ ಹೈಡ್ರೋಜನ್ ನೆರೆಯ ಅಣುವಿನ ಆಕ್ಸಿಜನ್ನಿನ ಕಡೆಗೆ ವಾಲುತ್ತದೆ. ಎರಡು ಬೇರೆ ಬೇರೆ ಅಣುಗಳ ನಡುವೆ ಹೀಗೆ ಉಂಟಾಗುವ ಹಗುರವಾದ ಕಟ್ಟೇ ಹೈಡ್ರೋಜನ್ ಬಂಧ. ಸಹವೇಲೆನ್ಸಿಯಲ್ಲದ ಬಂಧಗಳಲ್ಲಿ ಇದು ಪ್ರಮುಖವಾದುದು.

ಎರಡರ ಬಲವನ್ನು ತೂಗಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಆಕ್ಸಿಜನ್ ಮತ್ತು ಹೈಡ್ರೋಜನ್ನುಗಳ ನಡುವಣ ಸಹವೇಲೆನ್ಸಿ ಬಂಧಗಳನ್ನು ಒಂದು ಮೋಲ್‌ನಷ್ಟು ಮುರಿಯಲು ಸುಮಾರು 460 ಕಿಲೋಜೂಲ್ ಶಕ್ತಿ ಬೇಕು. ನೀರಿನ ಅಣುಗಳ ನಡುವಣ ಹೈಡ್ರೋಜನ್ ಬಂಧಗಳನ್ನು ಅಷ್ಟೇ ಸಂಖ್ಯೆಯಲ್ಲಿ ಬಿಡಿಸಲು ಸುಮಾರು 20 ಕಿಲೋಜೂಲ್ ಸಾಕು. ಒಂದರ ಬಲ ಇನ್ನೊಂದರ ಬಲದ ಇಪ್ಪತ್ತರಲ್ಲಿ ಒಂದು ಪಾಲಿಗೆ ಹತ್ತಿರ. ಬಾಳಿಕೆಯಲ್ಲಿಯೂ ಹಾಗೆಯೇ. ದ್ರವರೂಪದ ನೀರಿನಲ್ಲಿ ಒಂದು ಹೈಡ್ರೋಜನ್ ಬಂಧದ ಆಯುಸ್ಸು ಸಾಮಾನ್ಯವಾಗಿ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಅಷ್ಟರಲ್ಲಿ ಅದು ಬಿಟ್ಟು ಹೋಗಿ ಇನ್ನೊಂದು ನೆರೆಯೊಡನೆ ಹೊಸದಾಗಿ ಕೂಡುತ್ತದೆ.

ಇಷ್ಟು ಅಲ್ಪಾಯುವಾದ, ಇಷ್ಟು ಹಗುರವಾದ ಕಟ್ಟು ಯಾವ ಕೆಲಸಕ್ಕೆ ಬಂದೀತೆಂದು ಸಂದೇಹ ಮೂಡುವುದು ಸಹಜ. ನೀರಿನ ನಡತೆಯೇ ಈ ಸಂದೇಹಕ್ಕೆ ಸಮಾಧಾನ ಹೇಳುತ್ತದೆ. ಆಕ್ಸಿಜನ್ನಿನ ಬದಲು ಅದರ ಗುಂಪಿನದೇ ಆದ ಗಂಧಕ ಹೈಡ್ರೋಜನ್ನಿನೊಡನೆ ಕೂಡಿದರೆ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಅದರ ಅಣು ನೀರಿನ ಅಣುವಿಗಿಂತ ಭಾರವಾದುದು. ಆದರೂ ಅದು ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿದು ಅನಿಲವಾಗುತ್ತದೆ. ಹಗುರವಾದ ನೀರು ಅದಕ್ಕಿಂತಲೂ ಕೆಳಗಿನ ಉಷ್ಣತೆಯಲ್ಲಿ ಕುದಿಯಬೇಕಾಗಿತ್ತು. ಆದರೆ ಅದು 100 ಡಿಗ್ರಿಯವರೆಗೆ ತಡೆದು ನಿಲ್ಲುತ್ತದೆ. ಹೈಡ್ರೋಜನ್ ಬಂಧಗಳು ಇಲ್ಲದಿದ್ದರೆ ಭೂಮಿಯ ಮೇಲೆ ಕಡಲಿರುತ್ತಿರಲಿಲ್ಲ, ಕಾವೇರಿ ಕೃಷ್ಣೆಯರು ಹರಿಯುತ್ತಿರಲಿಲ್ಲ. ನೀರೆಲ್ಲ ಆವಿಯಾಗಿ ಗಾಳಿಯಲ್ಲಿ ಬೆರೆತುಹೋಗುತ್ತಿತ್ತು.

ಒಂದು ಗ್ರಾಂ ನೀರನ್ನು ಸೊನ್ನೆ ಡಿಗ್ರಿಯಿಂದ 100 ಡಿಗ್ರಿಯವರೆಗೆ ಕಾಯಿಸಲು ಸುಮಾರು 420 ಜೂಲ್ ಶಾಖ ಸಾಕು. ಆ ಕುದಿಯುವ ನೀರನ್ನು ಆವಿಯಾಗಿಸಲು ಸುಮಾರು 2,260 ಜೂಲ್ ಬೇಕು. ಈ ಶಾಖದ ಬಹುಪಾಲು ಅಣುಗಳ ನಡುವಣ ಹೈಡ್ರೋಜನ್ ಬಂಧಗಳನ್ನು ಬಿಡಿಸುವುದಕ್ಕೆ ವ್ಯಯವಾಗುತ್ತದೆ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಂಪಾಗಿರುವುದಕ್ಕೂ, ಬೆವರು ಆರಿದಾಗ ದೇಹ ಹಿತವಾಗುವುದಕ್ಕೂ ಇದೇ ಕಾರಣ. ಚಳಿಯ ನಾಡುಗಳಲ್ಲಿ ನೀರು ಹೆಪ್ಪುಗಟ್ಟುವಾಗ ಒಂದೊಂದು ಅಣುವೂ ನಾಲ್ಕು ನೆರೆಯ ಅಣುಗಳನ್ನು ಹಿಡಿದು, ನಡುವೆ ತೆರಪು ಬಿಟ್ಟು ನಿಲ್ಲುತ್ತದೆ. ಆದುದರಿಂದ ಮಂಜುಗಡ್ಡೆ ನೀರಿಗಿಂತ ಹಗುರವಾಗಿ ಮೇಲೆ ತೇಲುತ್ತದೆ. ಅದರ ಕೆಳಗೆ ಮೀನುಗಳು ಬದುಕಿ ಉಳಿಯುತ್ತವೆ. ಒಂದೊಂದಾಗಿ ನೋಡಿದರೆ ಎಣಿಕೆಗೇ ಬಾರದ ಕಟ್ಟುಗಳು ಕೋಟ್ಯನುಕೋಟಿಯಾಗಿ ಕೂಡಿದಾಗ ಕಡಲನ್ನೇ ಹಿಡಿದು ನಿಲ್ಲಿಸುತ್ತವೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯವಾಗಿದೆ.

ಅಣುಗಳ ನಡುವೆ ಇಂತಹ ಸೆಳೆತವಿದೆ ಎಂಬುದನ್ನು ಲೆಕ್ಕಾಚಾರಕ್ಕೆ ತಂದವರಲ್ಲಿ ಯೋಹಾನಸ್ ಡಿಡೆರಿಕ್ ವಾನ್ ಡರ್ ವಾಲ್ಸ್ ಅವರು ಮುಖ್ಯರು. ಅವರು 1837ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಒಬ್ಬ ಬಡಗಿಯ ಮಗನಾಗಿ ಹುಟ್ಟಿದರು. ಶಾಲೆಯ ಉಪಾಧ್ಯಾಯರಾಗಿ ಜೀವನ ನಡೆಸಿದರು. ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳನ್ನು ಕಲಿತಿರಲಿಲ್ಲವೆಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಪರೀಕ್ಷೆಗಳ ಬಾಗಿಲು ಅವರಿಗೆ ಬಹುಕಾಲ ಮುಚ್ಚಿತ್ತು. ವಿಜ್ಞಾನದ ವಿದ್ಯಾರ್ಥಿಗಳಿಗೆ ಆ ನಿಯಮದಿಂದ ವಿನಾಯಿತಿ ದೊರೆತ ಮೇಲೆ ಅವರು ಪರೀಕ್ಷೆಗಳನ್ನು ಮುಗಿಸಿ, 1873ರಲ್ಲಿ ಅನಿಲ ಮತ್ತು ದ್ರವ ಸ್ಥಿತಿಗಳನ್ನು ಕುರಿತು ಒಂದು ಪ್ರೌಢಪ್ರಬಂಧವನ್ನು ಬರೆದರು. ಅನಿಲದ ಅಣುಗಳಿಗೆ ತಮ್ಮದೇ ಆದ ಗಾತ್ರವಿದೆ, ಅವುಗಳ ನಡುವೆ ಮೆಲ್ಲನೆಯ ಸೆಳೆತವೂ ಇದೆ, ಆ ಸೆಳೆತದಿಂದಲೇ ಅನಿಲ ದ್ರವವಾಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಆ ಪ್ರಬಂಧವನ್ನು ಅವರು ಬರೆದುದು ತಮ್ಮ ಜನರ ಭಾಷೆಯಾದ ಡಚ್ ಭಾಷೆಯಲ್ಲಿ. ಅದನ್ನು ಮೆಚ್ಚಿದ ಮಹಾವಿಜ್ಞಾನಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್, ಈ ಕೃತಿಯ ದೆಸೆಯಿಂದ ಒಬ್ಬರಿಗಿಂತ ಹೆಚ್ಚು ಜಿಜ್ಞಾಸುಗಳ ಗಮನ ಡಚ್ ಭಾಷೆಯ ಕಲಿಕೆಯತ್ತ ಹರಿದಿದೆ ಎಂಬ ಅರ್ಥದ ಮಾತನ್ನು ಬರೆದರು. 1910ರಲ್ಲಿ ವಾನ್ ಡರ್ ವಾಲ್ಸ್ ಅವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತು. ಭಾಷೆ ಬಾರದೆಂದು ಬಾಗಿಲ ಹೊರಗೆ ನಿಂತಿದ್ದವರ ಬಳಿಗೆ ಲೋಕವೇ ಅವರ ಭಾಷೆಯನ್ನು ಅರಸಿಕೊಂಡು ಹೋಯಿತು. ಒಂದು ಭಾಷೆಗೆ ವಿಜ್ಞಾನದಲ್ಲಿ ಗೌರವ ಬರುವುದು ಅದರ ಮಾತುಗಳ ಬಿಗಿಯಿಂದಲ್ಲ, ಅದನ್ನಾಡುವವರ ಚಿಂತನೆಯಿಂದ ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಕಾಗಿಲ್ಲ.

ಆ ಸೆಳೆತದ ಕಾರಣ ತಿಳಿದುದು ಆಮೇಲೆ. ಅಣುವಿನಲ್ಲಿ ಎಲೆಕ್ಟ್ರಾನುಗಳು ಸದಾ ಚಲಿಸುತ್ತಿರುವುದರಿಂದ ಒಂದು ಕ್ಷಣ ಒಂದು ಮಗ್ಗುಲಲ್ಲಿ, ಇನ್ನೊಂದು ಕ್ಷಣ ಇನ್ನೊಂದು ಮಗ್ಗುಲಲ್ಲಿ ಅವುಗಳ ದಟ್ಟಣೆ ಹೆಚ್ಚುತ್ತದೆ. ಆ ಕ್ಷಣಿಕವಾದ ಏರುಪೇರು ನೆರೆಯ ಅಣುವಿನಲ್ಲಿಯೂ ಏರುಪೇರನ್ನು ಉಂಟುಮಾಡಿ ಎರಡನ್ನೂ ಹತ್ತಿರಕ್ಕೆ ಎಳೆಯುತ್ತದೆ ಎಂದು 1930ರಲ್ಲಿ ಫ್ರಿಟ್ಸ್ ಲಂಡನ್ ಅವರು ವಿವರಿಸಿದರು. ಇದು ಹೈಡ್ರೋಜನ್ ಬಂಧಕ್ಕಿಂತಲೂ ಮೃದುವಾದುದು. ಇದರ ಮಹಿಮೆಯನ್ನು ಕಾಣಬೇಕಾದರೆ ಗೋಡೆಯ ಮೇಲಿನ ಹಲ್ಲಿಯನ್ನು ನೋಡಬೇಕು. ಅದರ ಪಾದದಲ್ಲಿ ಅಂಟೂ ಇಲ್ಲ, ಕೊಕ್ಕೆಯೂ ಇಲ್ಲ. ಆದರೂ ಅದು ಸೂರಿಗೆ ತಲೆಕೆಳಗಾಗಿ ಅಂಟಿ ಓಡುತ್ತದೆ. ಟೋಕೇ ಎಂಬ ದೊಡ್ಡ ಜಾತಿಯ ಹಲ್ಲಿಯ ಒಂದು ಪಾದದಲ್ಲಿ ಸುಮಾರು 5 ಲಕ್ಷ ಸೂಕ್ಷ್ಮ ರೋಮಗಳಿವೆ. ಒಂದೊಂದು ರೋಮವೂ ತುದಿಯಲ್ಲಿ ನೂರಾರು ಕವಲಾಗುತ್ತದೆ. ಆ ಕವಲುಗಳು ಗೋಡೆಗೆ ತೀರ ಸಮೀಪವಾದಾಗ ಹುಟ್ಟುವ ವಾನ್ ಡರ್ ವಾಲ್ಸ್ ಸೆಳೆತವೇ ಹಲ್ಲಿಯನ್ನು ಹಿಡಿದು ನಿಲ್ಲಿಸುತ್ತದೆಂದು ಅಮೆರಿಕದ ವಿಜ್ಞಾನಿಗಳು 2002ರಲ್ಲಿ ಸಾಧಿಸಿ ತೋರಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ರೋಮಗಳ ಕೋನವನ್ನು ಬದಲಿಸಿ ಬೆರಳನ್ನು ಸುಲಿಯುವಂತೆ ಎತ್ತಿದರೆ ಆ ಕಟ್ಟು ಥಟ್ಟನೆ ಬಿಡುತ್ತದೆ. ಹಿಡಿತ ಮಾತ್ರ ಇದ್ದು ಬಿಡುಗಡೆ ಇಲ್ಲದಿದ್ದರೆ ಹಲ್ಲಿ ಮೊದಲನೆಯ ಹೆಜ್ಜೆಯಲ್ಲಿಯೇ ಗೋಡೆಗೆ ಸೆರೆಯಾಗಿ ಉಪವಾಸ ಸಾಯಬೇಕಾಗಿತ್ತು.

ಮನೆಯೊಳಗಿನ ನಿತ್ಯದ ಕೆಲಸಗಳಲ್ಲಿಯೂ ಈ ಹಗುರ ಕಟ್ಟುಗಳು ದುಡಿಯುತ್ತಿವೆ. ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನಿನ ಕಣಗಳು ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ. ಹೆಪ್ಪು ಹಾಕಿದಾಗ ಸೂಕ್ಷ್ಮಜೀವಿಗಳು ಹುಳಿಯನ್ನು ಉತ್ಪಾದಿಸುತ್ತವೆ; ಆ ಹುಳಿಯಿಂದ ಕಣಗಳ ವಿದ್ಯುತ್ತು ಕುಂದಿ, ದೂರ ತಳ್ಳುವ ಬಲ ಇಳಿದು, ಅವು ಒಂದನ್ನೊಂದು ಹಿಡಿದುಕೊಂಡು ಮೊಸರಾಗುತ್ತವೆ. ಹಳ್ಳಿಯ ಅಜ್ಜಿ ಇದನ್ನೇ ‘ಹೆಪ್ಪುಗಟ್ಟಿತು’ ಎಂದು ಕಟ್ಟಿನ ಮಾತಿನಲ್ಲಿಯೇ ಹೇಳುತ್ತಾಳೆ. ರಸಾಯನವಿಜ್ಞಾನವನ್ನು ಓದದ ಅವಳ ಮಾತು ರಸಾಯನವಿಜ್ಞಾನಕ್ಕೆ ಎಷ್ಟು ಹತ್ತಿರವಾಗಿದೆ! ಹತ್ತಿಯ ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಹಾಕುವಾಗ ನೂಲಿನೊಳಗಿನ ಹೈಡ್ರೋಜನ್ ಬಂಧಗಳು ಶಾಖಕ್ಕೂ ತೇವಕ್ಕೂ ಸಡಿಲವಾಗಿ, ಬಟ್ಟೆ ನೇರವಾದ ಮೇಲೆ ಮತ್ತೆ ಕೂಡುತ್ತವೆ. ಕೂಡುವ ಕಟ್ಟೂ ಅದೇ, ಬಿಡುವ ಕಟ್ಟೂ ಅದೇ.

ಆದರೆ ಹಗುರವಾದ ಕಟ್ಟಿನ ನಿಜವಾದ ಹಿರಿಮೆ ಕಾಣುವುದು ಜೀವದ ವಿಚಾರದಲ್ಲಿ. ತಂದೆತಾಯಿಗಳ ಗುಣಗಳನ್ನು ಮಕ್ಕಳಿಗೆ ಸಾಗಿಸುವ ಡಿಎನ್ಎ ಅಣು ತಿರುಚಿದ ಏಣಿಯಂತಿದೆ ಎಂದು 1953ರಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಪ್ರಕಟಿಸಿದರು. ಆ ಶೋಧಕ್ಕೆ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ಕಿರಣ ಚಿತ್ರಗಳು ಆಧಾರವಾಗಿದ್ದವು. ಆ ಏಣಿಯ ಎರಡು ನಿಡುಗಂಬಗಳನ್ನು ಕಟ್ಟಿರುವುದು ಬಿಗಿಯಾದ ಸಹವೇಲೆನ್ಸಿ ಬಂಧ. ಆದರೆ ನಡುವಣ ಮೆಟ್ಟಿಲುಗಳನ್ನು ಜೋಡಿಸಿರುವುದು ಹೈಡ್ರೋಜನ್ ಬಂಧ. ಅಡಿನೀನ್ ಥೈಮೀನ್‌ಗಳ ನಡುವೆ ಎರಡು, ಗ್ವಾನೀನ್ ಸೈಟೋಸೀನ್‌ಗಳ ನಡುವೆ ಮೂರು. ಮನುಷ್ಯನ ವರ್ಣತಂತುಗಳ ಒಂದು ತಂಡದಲ್ಲಿ ಇಂತಹ ಮೆಟ್ಟಿಲುಗಳು ಸುಮಾರು 300 ಕೋಟಿ. ಜೀವಕೋಶ ಎರಡಾಗುವ ಮುನ್ನ ಏಣಿ ನಡುವೆ ಬಿಚ್ಚಿಕೊಳ್ಳುತ್ತದೆ. ಕಂಬಗಳಿಗೆ ಕುಂದು ಬಾರದಂತೆ ಮೆಟ್ಟಿಲುಗಳು ಮಾತ್ರ ಬಿಡುತ್ತವೆ. ಒಂದೊಂದು ಕಂಬದ ಮೇಲೆಯೂ ಹೊಸ ಜೊತೆಗಂಬ ಮೂಡುತ್ತದೆ. ಮೆಟ್ಟಿಲುಗಳ ಕಟ್ಟು ಕಂಬದ ಕಟ್ಟಿನಷ್ಟೇ ಬಿಗಿಯಾಗಿದ್ದರೆ ಏಣಿ ಬಿಚ್ಚುತ್ತಿರಲಿಲ್ಲ, ಕೋಶ ಬೆಳೆಯುತ್ತಿರಲಿಲ್ಲ, ಬೀಜ ಗಿಡವಾಗುತ್ತಿರಲಿಲ್ಲ, ಮಗು ಮನುಷ್ಯನಾಗುತ್ತಿರಲಿಲ್ಲ.

ಚರ್ಮ, ಮೂಳೆ, ಸ್ನಾಯುಬಂಧಗಳಿಗೆ ಗಟ್ಟಿತನ ಕೊಡುವ ಕೊಲ್ಲಾಜನ್ ಎಂಬ ಪ್ರೋಟೀನು ಮೂರೆಳೆಯ ಹಗ್ಗದಂತಿದೆ ಎಂದು 1954ರಲ್ಲಿ ಮದರಾಸಿನಲ್ಲಿ ತೋರಿಸಿಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪೀನಾಥ್ ಕರ್ತಾ. ಆ ಮೂರೆಳೆಗಳನ್ನು ಒಂದಕ್ಕೊಂದು ಹೊಂದಿಸಿ ಹಿಡಿಯುವುದರಲ್ಲಿ ಹೈಡ್ರೋಜನ್ ಬಂಧಗಳ ಪಾತ್ರ ದೊಡ್ಡದು. ರಾಮಚಂದ್ರನ್ ಅವರು ಮುಂದೆ 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಹುರಿಗೊಂಡ ಹಗ್ಗದ ಬಲ ಅದರ ಒಂದು ಎಳೆಯಲ್ಲಿಲ್ಲ, ಎಳೆಗಳು ಒಂದನ್ನೊಂದು ಹಿಡಿದ ರೀತಿಯಲ್ಲಿದೆ ಎಂಬ ರೈತನ ಅನುಭವ ದೇಹದೊಳಗೂ ನಿಜವೆಂದು ಅವರ ಶೋಧದಿಂದ ತಿಳಿಯಿತು.

ಹಗುರವಾದ ಕಟ್ಟು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಬೇಯಿಸಿದ ಮೊಟ್ಟೆಯೇ ಸಾಕ್ಷಿ. ಹಸಿಯ ಮೊಟ್ಟೆಯ ಬಿಳಿಭಾಗ ತಿಳಿಯಾಗಿ ಹರಿಯುತ್ತದೆ. ಅಲ್ಲಿಯ ಒಂದೊಂದು ಪ್ರೋಟೀನಿನ ಸರಪಳಿಯೂ ಹಗುರ ಬಂಧಗಳ ನೆರವಿನಿಂದ ತನಗೆ ತಕ್ಕ ಆಕಾರದಲ್ಲಿ ಮಡಿಸಿಕೊಂಡಿರುತ್ತದೆ. ಕುದಿಯುವ ನೀರಿನ ಶಾಖಕ್ಕೆ ಸರಪಳಿ ತುಂಡಾಗುವುದಿಲ್ಲ. ಅದರ ಬಿಗಿಯಾದ ಬಂಧಗಳು ಇದ್ದಂತೆಯೇ ಇರುತ್ತವೆ. ಹಗುರ ಬಂಧಗಳು ಮಾತ್ರ ಕಳಚುತ್ತವೆ. ಮಡಿಕೆ ಬಿಚ್ಚಿದ ಸರಪಳಿಗಳು ಒಂದಕ್ಕೊಂದು ಸಿಕ್ಕಿ ಕಗ್ಗಂಟಾಗಿ ಬೆಳ್ಳಗೆ ಗಟ್ಟಿಯಾಗುತ್ತವೆ. ಗಟ್ಟಿಯಾದ ಆ ಮೊಟ್ಟೆಯಿಂದ ಮರಿ ಬರುವುದುಂಟೆ? ಬಿಗಿಯಾದುದೆಲ್ಲ ಉಳಿದು, ಹಗುರವಾದುದು ಮಾತ್ರ ಹೋದರೆ ಜೀವವೂ ಹೋಗುತ್ತದೆ.

ಹೀಗಿರುವಲ್ಲಿ ಇಂತಹ ಬಂಧಗಳನ್ನು ‘ದುರ್ಬಲ ಬಂಧ’ ಎಂದು ಕರೆಯುವ ವಾಡಿಕೆಯ ವಿಷಯದಲ್ಲಿ ಎಚ್ಚರ ಬೇಕು. ಶಕ್ತಿಯ ಅಳತೆಯಲ್ಲಿ ಆ ಮಾತು ಸರಿಯೇ. 460ರ ಮುಂದೆ 20 ದುರ್ಬಲವೇ. ಆದರೆ ‘ದುರ್ಬಲ’ ಎಂಬ ಮಾತಿಗೂ ಎರಡು ಅರ್ಥಗಳುಂಟು. ಲೋಕದ ಬಳಕೆಯಲ್ಲಿ ಅದು ಕೈಲಾಗದುದು, ಕೆಲಸಕ್ಕೆ ಬಾರದುದು ಎಂಬ ಭಾವವನ್ನು ಹೊತ್ತು ಬರುತ್ತದೆ. ಆ ಭಾವವನ್ನು ವಿಜ್ಞಾನದ ತರಗತಿಯೊಳಕ್ಕೆ ತಂದವನು ಹೈಡ್ರೋಜನ್ ಬಂಧವನ್ನು ಅರ್ಥಮಾಡಿಕೊಳ್ಳಲಾರ. ಒಂದು ಮಾತಿಗೆ ಹಲವು ಅರ್ಥವಿರುವುದು ದೋಷವಲ್ಲ. ಯಾವ ಅರ್ಥ ಎಲ್ಲಿ ಸಲ್ಲುತ್ತದೆಂಬ ವಿವೇಚನೆ ಇಲ್ಲದಿರುವುದು ದೋಷ. ಆ ವಿವೇಚನೆಯನ್ನು ಕಲಿಸುವುದೇ ಭಾಷೆಯ ಪಾಠದ ಗುರಿ, ವಿಜ್ಞಾನದ ಪಾಠದ ಗುರಿಯೂ ಅದೇ.

ಇದರಿಂದ ಬಿಗಿಯಾದ ಕಟ್ಟು ಬೇಡವೆಂದು ಹೇಳಿದಂತಾಗಲಿಲ್ಲ. ಕಂಬಗಳೇ ಮುರಿದರೆ ಮೆಟ್ಟಿಲಿಗೆ ನೆಲೆಯೆಲ್ಲಿ? ಸರಪಳಿಯೇ ತುಂಡಾದರೆ ಮಡಿಕೆಯೆಲ್ಲಿ? ವಿಜ್ಞಾನದಲ್ಲಿಯೂ ಕೆಲವು ಮಾತುಗಳು ತಮ್ಮ ಅರ್ಥಕ್ಕೆ ಬಿಗಿಯಾಗಿ ಕಟ್ಟಿಕೊಂಡಿರಲೇಬೇಕು. ‘ಸಹವೇಲೆನ್ಸಿ’ ಎಂಬುದಕ್ಕೆ ದಿನಕ್ಕೊಂದು ಅರ್ಥ ಮಾಡಿದರೆ ಪಾಠ ನಡೆಯದು. ಹಿಡಿದಿಡಬೇಕಾದ ಕಡೆ ಬಿಗಿ, ಬದಲಾಗಬೇಕಾದ ಕಡೆ ಸಡಿಲ. ಎರಡೂ ತಮ್ಮ ತಮ್ಮ ಸ್ಥಾನದಲ್ಲಿ ಇದ್ದಾಗ ಕಟ್ಟಡ ನಿಲ್ಲುತ್ತದೆ, ಜೀವವೂ ನಡೆಯುತ್ತದೆ. ದನವನ್ನು ಗೂಟಕ್ಕೆ ಕಟ್ಟುವ ರೈತನಿಗೆ ಈ ಹದ ಚೆನ್ನಾಗಿ ಗೊತ್ತು. ದನ ಜಗ್ಗಿದರೆ ಬಿಚ್ಚದಂತೆ, ತಾನು ತುದಿಯನ್ನು ಎಳೆದರೆ ಬಿಚ್ಚುವಂತೆ ಅವನು ಗಂಟು ಹಾಕುತ್ತಾನೆ. ಕೊಟ್ಟಿಗೆಗೆ ಬೆಂಕಿ ಬಿದ್ದ ರಾತ್ರಿ ದನದ ಪ್ರಾಣ ಉಳಿಸುವುದು ಗಂಟಿನ ಬಿಗಿಯಲ್ಲ, ಅದು ಬಿಚ್ಚುವ ಗುಣ.

ಸಮಾಜದ ವಿಚಾರದಲ್ಲಿಯೂ ಇದೇ ನ್ಯಾಯ. ಒಮ್ಮೆ ಪಡೆದ ಸಾಲಕ್ಕಾಗಿ ತಂದೆ, ಮಗ, ಮೊಮ್ಮಗ ಎಲ್ಲರೂ ಒಡೆಯನ ಮನೆಯಲ್ಲಿ ದುಡಿಯಬೇಕಾಗಿದ್ದ ಜೀತವೂ ಒಂದು ಕಟ್ಟೇ ಆಗಿತ್ತು. ಅದರಷ್ಟು ಬಿಗಿಯಾದ ಕಟ್ಟು ಇನ್ನೊಂದಿರಲಿಲ್ಲ. ಭಾರತದ ಸಂಸತ್ತು 1976ರ ಅಧಿನಿಯಮದಿಂದ ಅದನ್ನು ಕಾನೂನುಬಾಹಿರವೆಂದು ಸಾರಿ ರದ್ದುಗೊಳಿಸಿತು. ಬಿಗಿಯೇ ಶ್ರೇಷ್ಠವಾಗಿದ್ದರೆ ಅದನ್ನು ಮುರಿಯುವ ಕಾನೂನು ಏಕೆ ಬೇಕಾಗುತ್ತಿತ್ತು? ಇತ್ತ, ಸುಗ್ಗಿಯ ಕಾಲದಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವ ಕಟ್ಟು ಹಗುರವಾದುದು. ಅದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ; ಕೆಲಸ ಮುಗಿದೊಡನೆ ಬಿಡುತ್ತದೆ, ಬೇಕಾದಾಗ ಮತ್ತೆ ಕೂಡುತ್ತದೆ. ಊರು ಬದುಕುವುದು ಇಂತಹ ಸಾವಿರ ಸಣ್ಣ ಕಟ್ಟುಗಳಿಂದ.

ಕನ್ನಡದ ಮಾತುಗಳೂ ಇಂತಹ ಗುಣವುಳ್ಳವೇ. ಹೊಸ ವಿಚಾರ ಎದುರಾದಾಗ ಅವು ಅದನ್ನು ಹಿಡಿಯಬಲ್ಲವು. ಹಿಡಿದಾಗ ತಮ್ಮ ಹಳೆಯ ಅರ್ಥಗಳನ್ನು ಕಳೆದುಕೊಳ್ಳುವುದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಅವರ ಸಂಗಡಿಗರು 1918ರಲ್ಲಿ ‘ವಿಜ್ಞಾನ’ ಎಂಬ ಪತ್ರಿಕೆಯನ್ನು ಹೊರಡಿಸಿದಾಗ, ಆಮೇಲೆ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದಾಗ, ಈ ಶಕ್ತಿಯನ್ನು ನಂಬಿಯೇ ಕೆಲಸಕ್ಕೆ ಕೈಹಾಕಿದರು. ಮಾಲೆ ಕಟ್ಟುವ, ಗೋಡೆ ಕಟ್ಟುವ, ಪದ ಕಟ್ಟುವ ಭಾಷೆಗೆ ಪರಮಾಣುಗಳ ಕಟ್ಟನ್ನು ಹೇಳುವುದು ಅಸಾಧ್ಯವೇನಲ್ಲ. ‘ಹೆಪ್ಪುಗಟ್ಟು’ ಎಂಬ ಮಾತನ್ನು ಮನೆಯಲ್ಲಿ ಕೇಳಿ ಬೆಳೆದ ಬಾಲಕಿ ಹೈಡ್ರೋಜನ್ ಬಂಧದ ಪಾಠಕ್ಕೆ ಬರಿಗೈಯಲ್ಲಿ ಬಂದವಳಲ್ಲ. ಅರ್ಧ ದಾರಿಯನ್ನು ಆಗಲೇ ನಡೆದು ಬಂದವಳು. ಉಳಿದ ಅರ್ಧ ದಾರಿಯನ್ನು ಅವಳು ಅಂಜಿಕೆಯಿಲ್ಲದೆ ನಡೆಯುವಂತಾಗಬೇಕು. ಕಟ್ಟಿನ ಬೆಲೆ ಅದರ ಬಿಗಿಯಲ್ಲಿಲ್ಲ, ಅದರ ಹದದಲ್ಲಿದೆ. ನೀರಿನ ಹನಿಗೂ ನುಡಿಗೂ ಸಲ್ಲುವ ಮಾತಿದು.